ದೊರೆಯ ಕ್ಷೌರ

ಚಪ್ಪಲಿ ಅಂಗಡಿ ಯಜಮಾನರ ಕಿವಿಯ ಹಿಂದೆ ಕತ್ತರಿ ಆಡಿಸುತ್ತಿದ್ದವನು ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ತಲೆಯೆತ್ತಿ ನೋಡುತ್ತಿದ್ದ. ಪೇಪರಿನವನದು, ನಾಯಿಯದು, ವಿಳಾಸ ಕೇಳಲು ಬಂದ ಯಾರೋ ಒಬ್ಬನದು, ಯಾವುದೂ ಹೆಂಡತಿಯದಲ್ಲ. ಪ್ರತಿ ಸಲವೂ ಸದ್ಯ ಬದುಕಿದೆ ಅನಿಸುತ್ತಿತ್ತು, ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಬೆಳಿಗ್ಗೆ ಅವನು ಹೊರಡುವಾಗ ಅವಳು ಬಾಗಿಲಿಗೆ ಅಡ್ಡ ನಿಂತು, "ಇವತ್ತು ಬೇಕರಿಗೆ ರಜೆ, ನಂಗೆ ಕೆಲಸ ಇಲ್ಲ. ದೊರೆನ ಕರ್ಕೊಂಡು ಅಂಗಡಿಗೆ ಬರ್ತೀನಿ. ನೀವೇ ಕಟಿಂಗ್ ಮಾಡ್ಬೇಕು. ಕೈಲಾಗಲ್ಲ ಅಂದ್ರೆ ಈಗಲೇ ಹೇಳಿ, ಗಾಜಿನ ಬಾಗಿಲಿನವನ ಹತ್ರ ಕೂರಿಸ್ತೀನಿ," ಅಂದಿದ್ದಳು. ಗಾಜಿನ ಬಾಗಿಲಿನವನು ಅಂದರೆ ಹಿಂದಿನ ಬೀದಿಯಲ್ಲಿ ಹೊಸದಾಗಿ ಸೆಲೂನ್ ತೆರೆದವನು. ಎ.ಸಿ.ಯ ತಣ್ಣನೆಯ ಗಾಳಿ ತೋರಿಸಿ ಇವನ ಗಿರಾಕಿಗಳಲ್ಲಿ ಅರ್ಧ ಜನರನ್ನು ಸೆಳೆದುಕೊಂಡವನು. ಸ್ವಂತ ಮಗನ ತಲೆಯನ್ನು ಅವನ ಕೈಗೆ ಕೊಡುವುದೇ? ಎಲ್ಲಿ ಚುಚ್ಚಿದರೆ ಗಂಡ ದಾರಿಗೆ ಬರುತ್ತಾನೆಂದು ಅವಳು ಚೆನ್ನಾಗಿ ಬಲ್ಲಳು. "ಕರ್ಕೊಂಡು ಬಾ," ಎಂದು ಹೇಳಿ ಅವಳ ಮುಖ ನೋಡದೆ ಬಂದುಬಿಟ್ಟಿದ್ದ.

ದೊರೆ ಎಂದರೆ ಅವರ ಮಗ. ಸರಿಯಾದ ಹೆಸರೊಂದು ಇದೆ, ಅದು ಆಸ್ಪತ್ರೆಯ ಚೀಟಿಗಳಲ್ಲಿ ಮಾತ್ರ ಬಳಕೆಯಲ್ಲಿದೆ. ಎರಡೂವರೆ ವರ್ಷವಾದರೂ ಆ ತಲೆ ಕತ್ತರಿ ಕಂಡಿಲ್ಲ. ಗುಂಗುರು ಕೂದಲು ಹೆಗಲು ದಾಟಿದೆ, ಹಣೆಯಿಂದ ಇಳಿದು ಕಣ್ಣಿಗೆ ಬೀಳುತ್ತದೆ. ಬಸ್ಸಿನಲ್ಲಿ ಪಕ್ಕದವರು "ಎಷ್ಟು ಮುದ್ದಾಗಿದ್ದಾಳೆ" ಅನ್ನುತ್ತಾರೆ. ಆಮೇಲೆ ಅವರ ಕಣ್ಣು ಎಡತೋಳಿನ ಮೇಲೆ ಬೀಳುತ್ತದೆ. ಮೊಣಕೈ ದಾಟಿ ಒಂದಿಷ್ಟು ಬಂದು ಅದು ಅಲ್ಲಿಗೇ ನಿಂತಿದೆ. ತುದಿಯಲ್ಲಿ ಬೆರಳಾಗಲು ಹೊರಟು ಮನಸ್ಸು ಬದಲಿಸಿದ ಹಾಗೆ ಒಂದು ಪುಟ್ಟ ಗುಬುಟು. ನೋಡಿದವರು ಮಾತು ನಿಲ್ಲಿಸಿ ಕಿಟಕಿಯ ಕಡೆ ತಿರುಗುತ್ತಾರೆ, ಇಲ್ಲವೇ ಪಾಪ ಅನ್ನುತ್ತಾರೆ. ದೊರೆಗೆ ಅದು ಪಾಪವಲ್ಲ, ಮರಿ. ಬಲಗಡೆ ಇರುವುದು ದೊಡ್ಡ ಕೈ, ಎಡಗಡೆ ಇರುವುದು ಮರಿ ಕೈ. ಮರಿಯನ್ನು ಗದ್ದಕ್ಕೆ ಒತ್ತಿ ಬ್ರೆಡ್ಡಿನ ತುಂಡು ಹಿಡಿಯುತ್ತಾನೆ, ಮರಿಯಿಂದ ಬಾಗಿಲು ತಳ್ಳುತ್ತಾನೆ, ಮಲಗುವಾಗ ಮರಿಗೂ ಹೊದಿಸು ಅನ್ನುತ್ತಾನೆ. ಹುಟ್ಟಿದ ದಿನ ದಾದಿ ಬಟ್ಟೆ ಸರಿಸಿ ತೋರಿಸಿದ ಆ ತೋಳಿಗಾಗಿ ಗಂಡ ಹೆಂಡತಿ ಒಬ್ಬರಿಗೊಬ್ಬರು ಕಾಣದಂತೆ ಅತ್ತಿದ್ದರು. ಹೃದಯದಲ್ಲಿ ತೂತಿದೆ, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯೂ ಕಿರಿದಾಗಿದೆ ಎಂದು ಗೊತ್ತಾದ ಮೇಲೆ ತೋಳಿನ ದುಃಖ ಎಲ್ಲಿ ಹೋಯಿತೋ ತಿಳಿಯದು. ಅದಕ್ಕೆಂದು ಸುರಿಸಿದ ಕಣ್ಣೀರೆಲ್ಲ ದಂಡ ಎಂದು ಹೆಂಡತಿ ಈಗ ನಗುತ್ತಾಳೆ.

"ಈ ಕಡೆ ಇನ್ನೊಂಚೂರು ಮೇಲೆ ತಗೋಪ್ಪ," ಎಂದು ಯಜಮಾನರು ಕನ್ನಡಿಯೊಳಗಿಂದ ಹೇಳಿದರು. ಬೆಂಚಿನ ಮೇಲೆ ಪೇಪರ್ ಹರಡಿಕೊಂಡಿದ್ದ ಮೇಷ್ಟ್ರು, "ಅವನ ಧ್ಯಾನ ಇಲ್ಲಿಲ್ಲ ಬಿಡಿ. ಇವತ್ತು ಮಗನ ಕಟಿಂಗು," ಎಂದರು. ಮೇಷ್ಟ್ರ ತಲೆಯಲ್ಲಿ ಕೂದಲು ಉದುರಿ ಎಷ್ಟೋ ಕಾಲವಾಗಿತ್ತು. ಆದರೂ ಶಾಲೆಯಿಂದ ನಿವೃತ್ತರಾದ ಲಾಗಾಯ್ತು ಅವರು ದಿನಾ ಬಂದು ಪೇಪರ್ ಓದಿ, ಎಲ್ಲರ ತಲೆಯ ಬಗ್ಗೆ ಅಭಿಪ್ರಾಯ ಹೇಳಿ ಹೋಗುತ್ತಿದ್ದರು. "ಎಂಥೆಂಥ ಮಕ್ಕಳ ತಲೆ ಬೋಳಿಸಿದೋನು, ತನ್ನ ಮಗನ ತಲೆ ಮುಟ್ಟೋಕೆ ಹೆದರ್ತಾನೆ ನೋಡಿ." ಅವನು ನಕ್ಕ. ಮೇಷ್ಟ್ರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಸುತ್ತಮುತ್ತ ಮಕ್ಕಳ ಕಟಿಂಗಿಗೆ ಅವನೇ ಆಗಬೇಕು. ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಇಟ್ಟ ಹಲಗೆಯಲ್ಲಿ ಕೂತು ಮಕ್ಕಳು ಬೀದಿ ಒಂದಾಗುವ ಹಾಗೆ ಕಿರುಚುತ್ತಿದ್ದರೂ ಅವನ ಕೈ ತನ್ನ ಪಾಡಿಗೆ ತಾನು ಓಡುತ್ತಿತ್ತು. ಅಮ್ಮಂದಿರು ಕಂಗಾಲಾಗಿ ಚಾಕೊಲೇಟ್ ತೆಗೆಯುವಷ್ಟರಲ್ಲಿ ಅವನ ಕೆಲಸ ಮುಗಿದಿರುತ್ತಿತ್ತು. ಅವರಿಗ್ಯಾರಿಗೂ ಗೊತ್ತಿರದ ಸಂಗತಿಯೆಂದರೆ, ಅವನು ಆ ಅಳುವನ್ನು ಹೊಟ್ಟೆಕಿಚ್ಚಿನಿಂದ ಕೇಳುತ್ತಿದ್ದ. ಆಹಾ, ಎಂಥ ಉಸಿರು! ಅಷ್ಟು ಹೊತ್ತು ಅತ್ತರೂ ತುಟಿ ಕೆಂಪಗೇ ಇದೆಯಲ್ಲ! ಕತ್ತರಿ ಹಿಡಿದೇ ಕನ್ನಡಿಯಲ್ಲಿ ಬೇರೆಯವರ ಮಕ್ಕಳ ತುಟಿ ನೋಡುತ್ತಾ, ಇದು ಒಳ್ಳೆಯ ಮನುಷ್ಯನ ಲಕ್ಷಣವಲ್ಲ ಎಂದುಕೊಳ್ಳುತ್ತಿದ್ದ.

ದೊರೆ ಐದು ತಿಂಗಳ ಕೂಸಾಗಿದ್ದಾಗ ಹಾಲು ತಡವಾಯಿತೆಂದು ಅತ್ತಿದ್ದ. ಎಲ್ಲ ಮಕ್ಕಳೂ ಅಳುವ ಹಾಗೇ ಶುರುವಾಯಿತು. ನೋಡನೋಡುತ್ತ ತುಟಿ ನೀಲಿಯಾಗಿ, ಉಗುರು ನೀಲಿಯಾಗಿ, ದನಿ ಅಡಗಿ, ಕತ್ತು ಒಂದು ಕಡೆಗೆ ವಾಲಿತು. ಅತ್ತರೆ ರಕ್ತ ಶ್ವಾಸಕೋಶದ ದಾರಿ ಬಿಟ್ಟು ತೂತಿನ ದಾರಿ ಹಿಡಿಯುತ್ತದೆ, ಹಾಗಾದಾಗ ಮಂಡಿಗಳನ್ನು ಮಡಚಿ ಎದೆಗೆ ಒತ್ತಿ ಹಿಡಿಯಿರಿ ಎಂದು ಆಸ್ಪತ್ರೆಯಲ್ಲಿ ಕಲಿಸಿಕೊಟ್ಟರು. ಆಪರೇಷನ್ ಆಗುವ ತನಕ ಆದಷ್ಟು ಅಳಿಸಬೇಡಿ ಎಂದರು. ಜೊತೆಗಿದ್ದ ಅವನ ಅಮ್ಮ, ದೊರೆಯ ಅಜ್ಜಿ, ಆ ಮಾತನ್ನು ಕಾನೂನು ಮಾಡಿಬಿಟ್ಟಳು. ಅಂದಿನಿಂದ ಆ ಮನೆಯಲ್ಲಿ ಮಗುವಿಗೆ ಬೇಡ ಅನ್ನುವವರಿಲ್ಲ, ಕೊಡೆನು ಅನ್ನುವವರಿಲ್ಲ. ದೊರೆಯ ಕೆಳತುಟಿ ಒಂದು ಎಳೆ ಸೊಟ್ಟಗಾದರೆ ಸಾಕು, ಮೂರು ಜನ ಮೂರು ದಿಕ್ಕಿನಿಂದ ಓಡಿ ಬರುತ್ತಿದ್ದರು. ಗೋಡೆ ಗಡಿಯಾರ ಬೇಕೆಂದ. ಅದು ಇಳಿದು ಬಂದು ಅವನ ಆಟಿಕೆ ಬುಟ್ಟಿ ಸೇರಿತು, ಮನೆ ಇಂದಿಗೂ ಅಂದಾಜಿನ ಮೇಲೆ ನಡೆಯುತ್ತದೆ. ಪಕ್ಕದ ಮನೆಯ ಬೆಕ್ಕು ಬೇಕೆಂದ. ಅಮ್ಮ ದಿನಾ ಸಂಜೆ ಹೋಗಿ ಅದನ್ನು ಎರವಲು ತರುತ್ತಿದ್ದಳು, ಬೆಕ್ಕು ಬರುಬರುತ್ತಾ ತಾನೇ ಹೊತ್ತಿಗೆ ಸರಿಯಾಗಿ ಬಂದು ಕೂರತೊಡಗಿತು. ಒಂದು ದಿನ ದೊರೆ ಅಪ್ಪನ ತೊಡೆಯ ಮೇಲೆ ಕೂತು, ದೊಡ್ಡ ಕೈಯಲ್ಲಿ ಮೀಸೆ ಹಿಡಿದೆಳೆದು, "ಇದು ಕೊಡು," ಎಂದ. ತುಟಿ ಸೊಟ್ಟಗಾಯಿತು. ಅವನು ಒಳಗೆ ಹೋಗಿ, ಎಷ್ಟೋ ವರ್ಷ ಎಣ್ಣೆ ಹಚ್ಚಿ ತಿದ್ದಿ ಬೆಳೆಸಿದ ಮೀಸೆಯನ್ನು ಬೋಳಿಸಿ, ಕಾಗದದಲ್ಲಿ ತಂದು ಕೊಟ್ಟ. ದೊರೆ ಅದನ್ನು ಗಂಭೀರವಾಗಿ ಪರೀಕ್ಷಿಸಿ, ಮರಿಯಿಂದ ಕಲಸಿ, ಊದಿಬಿಟ್ಟ. ಹೆಂಡತಿ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತು ನಕ್ಕಿದ್ದಳು. ಅಷ್ಟು ಕಷ್ಟದ ದಿನಗಳಲ್ಲೂ ಅವರು ಎಷ್ಟು ನಗುತ್ತಿದ್ದರು ಎಂದು ನೆನೆದರೆ ಅವನಿಗೇ ಆಶ್ಚರ್ಯವಾಗುತ್ತದೆ.

ಯಜಮಾನರ ಕತ್ತಿನ ಬಟ್ಟೆ ಬಿಚ್ಚಿ ಕೊಡವಿದ. ಬಟ್ಟೆಯ ಕೆಳಗಿನಿಂದ ಅವರ ಎರಡು ಕೈಗಳೂ ಹೊರಬಂದವು. ಈ ಬಟ್ಟೆ ಹೊದಿಸಿದರೆ ಎಂಥವರೂ ಕೈಯಿಲ್ಲದವರೇ. ಕನ್ನಡಿಯಲ್ಲಿ ಬರೀ ತಲೆ. ಮಗ ಹುಟ್ಟಿದ ಹೊಸದರಲ್ಲಿ ಅದನ್ನು ನೋಡಿ ನೋಡಿ ಸಮಾಧಾನ ಪಡುತ್ತಿದ್ದ. ಈಗ ಆಪರೇಷನ್ ಆಗಿದೆ. ತೂತು ಮುಚ್ಚಿದ್ದಾರೆ, ದಾರಿ ಅಗಲ ಮಾಡಿದ್ದಾರೆ, ಎದೆಯ ನಡುವೆ ನೆಟ್ಟಗೆ ಒಂದು ಗೆರೆ ಉಳಿದಿದೆ. ದೊರೆ ಓಡುತ್ತಾನೆ, ಓಡಿ ಬಂದು ಏದುಸಿರಿಲ್ಲದೆ ಮತ್ತೆ ಓಡುತ್ತಾನೆ. ಹೊಲಿಗೆ ನೋಡುವಾಗ, ಸೂಜಿ ಚುಚ್ಚುವಾಗ ಆಸ್ಪತ್ರೆಯಲ್ಲಿ ಅತ್ತನಂತೆ. ಆ ಅಳು ಅಪ್ಪನ ಕಿವಿಗೆ ಬೀಳಲಿಲ್ಲ. ಆಗೆಲ್ಲ ಮಾತ್ರೆ ತರುವ ನೆಪದಲ್ಲಿ ಮೆಟ್ಟಿಲಿಳಿದು ಗೇಟಿನವರೆಗೆ ಹೋಗಿ ನಿಲ್ಲುತ್ತಿದ್ದ, ಅವಳೊಬ್ಬಳೇ ಮಗುವನ್ನು ಹಿಡಿದುಕೊಳ್ಳುತ್ತಿದ್ದಳು. ಮನೆಗೆ ಬಂದ ಮೇಲೂ ಕಾನೂನು ಹಾಗೇ ಮುಂದುವರಿಯಿತು. ಹೋದ ವಾರ ಡಾಕ್ಟರಮ್ಮ ಬಹಳ ಹೊತ್ತು ಎದೆಗೆ ಕಿವಿಗೊಟ್ಟು ಕೇಳಿ, "ತುಂಬಾ ಚೆನ್ನಾಗಿದೆ. ಇನ್ನು ಇವನೂ ಎಲ್ಲಾ ಮಕ್ಕಳ ಹಾಗೆ. ಓಡ್ಲಿ, ಬೀಳ್ಲಿ, ಅಳ್ಲಿ. ಮೊದಲು ಆ ಕೂದಲು ತೆಗೆಸಿ, ಕಣ್ಣು ಹಾಳಾಗುತ್ತೆ. ಎಲ್ಲಾದ್ರೂ ಒಳ್ಳೆ ಕಟಿಂಗ್ ಶಾಪಿಗೆ ಕರ್ಕೊಂಡು ಹೋಗಿ," ಎಂದರು. ಆಮೇಲೆ ಅವನ ಕಡೆ ತಿರುಗಿ, "ನೀವೇನು ಕೆಲಸ ಮಾಡ್ತೀರಿ?" ಎಂದು ಕೇಳಿದರು. ಅವನು ಗಂಟಲು ಸರಿಮಾಡಿಕೊಂಡು, "ಸಣ್ಣ ವ್ಯಾಪಾರ," ಎಂದ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಬಸ್ಸು ಹತ್ತುವ ತನಕ ತಡೆದುಕೊಂಡಿದ್ದು ಆಮೇಲೆ ಸ್ಟಾಪು ಬರುವವರೆಗೂ ನಕ್ಕಳು. ಇಳಿಯುವಾಗ ಮಾತ್ರ ನಗದೆ, "ಅವನ ಎದೆ ಸರಿಹೋಯ್ತು ಕಣ್ರೀ. ನಿಮ್ದು ಯಾವಾಗ?" ಎಂದು ಕೇಳಿದಳು.

"ಅಪ್ಪಾ!"

ನೆರಳು ನೋಡುವುದನ್ನು ಮರೆತಿದ್ದ ಹೊತ್ತಿಗೇ ಅವರು ಬಂದುಬಿಟ್ಟಿದ್ದರು. ಹೆಂಡತಿಯ ಸೊಂಟದಿಂದ ಜಾರಿ ದೊರೆ ಒಳಗೆ ಓಡಿದ. ಹಿಂದೆಯೇ ದೊರೆಯ ಅಜ್ಜಿ, ಕೈಯಲ್ಲಿ ಒಂದು ಬಟ್ಟೆ ಚೀಲ. ಚೀಲದೊಳಗಿಂದ ಗಡಿಯಾರದ ಅಂಚು ಇಣುಕುತ್ತಿತ್ತು.

"ನೀನ್ಯಾಕಮ್ಮ ಬಂದೆ ಬಿಸಿಲಲ್ಲಿ?"

"ಯಾಕೆ ಬಂದೆ ಅಂದ್ರೆ? ಮಗೂಗೆ ಏನಾದ್ರೂ ಬೇಕು ಅನ್ಸಿದ್ರೆ ಇಲ್ಲಿ ಏನಿದೆ ನಿನ್ನ ಹತ್ರ, ಪೌಡರ್ ಡಬ್ಬಿ ಬಿಟ್ರೆ?" ಎಂದು ಅಮ್ಮ ಬೆಂಚಿನ ಮೇಲೆ ಮೇಷ್ಟ್ರ ಪಕ್ಕ ಕೂತಳು. ಮೇಷ್ಟ್ರು ಪೇಪರ್ ಮಡಚಿ ಜಾಗ ಬಿಟ್ಟರು. ಅದನ್ನು ಮತ್ತೆ ಬಿಡಿಸಲಿಲ್ಲ. ಇಂದಿನ ಸುದ್ದಿ ಇಲ್ಲೇ ಇದೆ ಎನ್ನುವಂತೆ ಕುರ್ಚಿಯ ಕಡೆ ತಿರುಗಿ ಕೂತರು.

ಯಜಮಾನರು ಎದ್ದುಹೋದ ಕುರ್ಚಿಯ ಮೇಲೆ ಹಲಗೆ ಇಟ್ಟು, ಮಗನನ್ನು ಎತ್ತಿ ಕೂರಿಸಿದ. ಬಟ್ಟೆ ಹೊದಿಸಿದಾಗ ದೊರೆ ಕನ್ನಡಿ ನೋಡಿ, "ಮರಿ ಎಲ್ಲಿ?" ಎಂದ. ಬಟ್ಟೆ ಸರಿಸಿ ಮರಿಯನ್ನು ಹೊರಗೆ ಬಿಡಬೇಕಾಯಿತು. ನೀರು ಚಿಮುಕಿಸಿದರೆ ಕುಲುಕುಲು ನಕ್ಕ. "ಇನ್ನೂ," ಎಂದ. ಇನ್ನೂ ಚಿಮುಕಿಸಿದ. "ಅಜ್ಜಿಗೆ," ಎಂದ. ಅಜ್ಜಿಗೂ ಚಿಮುಕಿಸಿದ. "ಮೇಷ್ಟ್ರಿಗೆ," ಎನ್ನುವಷ್ಟರಲ್ಲಿ ಮೇಷ್ಟ್ರೇ ಬೋಳುತಲೆ ಬಗ್ಗಿಸಿ, "ಹಾಕಪ್ಪ, ಬೆಳೆದ್ರೂ ಬೆಳೀಬಹುದು," ಎಂದರು. ಹೆಂಡತಿ ಕುರ್ಚಿಯ ಪಕ್ಕ ನಿಂತು ನೋಡುತ್ತಿದ್ದಳು. ಹಿಂದಿನ ಕೂದಲನ್ನು ಬಾಚಿ, ಬೆರಳ ನಡುವೆ ಹಿಡಿದು ಕತ್ತರಿಸಿದ. ಗುಂಗುರಿನ ಒಂದು ಸುರುಳಿ ಬಟ್ಟೆಯ ಮೇಲೆ ಜಾರಿ ಬಿತ್ತು. "ಬಿತ್ತು!" ಎಂದ ದೊರೆ. ಇನ್ನೊಂದು. "ಬಿತ್ತು!" ಎಷ್ಟು ಮೆತ್ತಗಿದೆ ಈ ಕೂದಲು, ಹುಟ್ಟಿದಾಗಿನದು, ಆಪರೇಷನ್ನಿಗೆ ಮೊದಲಿನದು, ಅಷ್ಟೆಲ್ಲ ಭಯವನ್ನು ನೋಡಿದ್ದು. ಇಷ್ಟು ಸಲೀಸು ಎಂದು ಗೊತ್ತಿದ್ದರೆ ಎಂದೋ ಮಾಡಬಹುದಿತ್ತು. ಯಾರೂ ಅಳಬೇಕಾಗಿಲ್ಲ. ಎಡಗಡೆ ಮುಗಿಯುತ್ತ ಬಂದಿತ್ತು. ಅವನು ಕಿವಿಯ ಮೇಲಕ್ಕೆ ಬಂದಾಗ ದೊರೆ ತಲೆ ಹೊರಳಿಸಿ, ಕಚಕಚ ಎನ್ನುತ್ತಿರುವುದು ಏನೆಂದು ನೋಡಿದ. ದೊಡ್ಡ ಕೈ ಬಟ್ಟೆಯೊಳಗಿಂದ ಹೊರಬಂತು.

"ಕತ್ತಿ ಕೊಡು," ಎಂದ, ಕತ್ತರಿ ಅನ್ನಲು ನಾಲಿಗೆ ಹೊರಳದೆ.

"ಬಾಚಣಿಗೆ ತಗೋ ರಾಜ," ಎಂದು ಕೊಟ್ಟ. ಬಾಚಣಿಗೆ ಹಾರಿ ಹೋಗಿ ಮೇಷ್ಟ್ರ ಕಾಲಬುಡದಲ್ಲಿ ಬಿತ್ತು. "ಕತ್ತಿ." ಕೆಳತುಟಿ ಒಂದು ಎಳೆ ಸೊಟ್ಟಗಾಯಿತು. ಬೆಂಚಿನಿಂದ ಅಮ್ಮ ಗಡಿಯಾರ ಎತ್ತಿ ಹಿಡಿದು, "ಇಲ್ನೋಡು, ಇಲ್ನೋಡು, ಟಿಕ್ ಟಿಕ್," ಎಂದಳು. ದೊರೆ ಅತ್ತ ನೋಡಲಿಲ್ಲ. ಅವನು ನೋಡುತ್ತಿದ್ದುದು ಅಪ್ಪನನ್ನು. ಮನೆಯಲ್ಲಿ ಚೂಪಾದದ್ದೆಲ್ಲವನ್ನೂ ಕಣ್ಣಿಗೆ ಬೀಳದಂತೆ ಮೇಲಿಟ್ಟಿದ್ದರು, ಕೇಳಬಾರದ್ದನ್ನು ಅವನು ಇದುವರೆಗೆ ಕೇಳಿಯೇ ಇರಲಿಲ್ಲ. ಈ ಕತ್ತರಿ ಅಪ್ಪ ದಿನಾ ಸಂಜೆ ಸಾಣೆ ಹಿಡಿದು ಇಟ್ಟದ್ದು, ಮುಟ್ಟಿದರೆ ರಕ್ತ. ಮುಚ್ಚಿ, ತಾನೂ ಜೊತೆಗೆ ಹಿಡಿದುಕೊಂಡು ಒಂದು ಕ್ಷಣ ಕೊಟ್ಟರೆ? ತುದಿಗೆ ಬಟ್ಟೆ ಸುತ್ತಿ? ಅವನ ಕೈ ನಿಜವಾಗಿಯೂ ಮುಂದಕ್ಕೆ ಹೋಯಿತು. ಹೆಂಡತಿ ತಡೆಯಲಿಲ್ಲ. ಅವಳು ತಡೆದಿದ್ದರೆ ಎಷ್ಟು ಸುಲಭವಿತ್ತು, ಬೇಡ ಅಂದವಳು ಅವಳಾಗುತ್ತಿದ್ದಳು. ಅವಳು ಬರೀ ನೋಡಿದಳು. ಗೇಟಿನ ಹತ್ತಿರ ನಿಂತು ವಾಪಸ್ಸು ಬಂದಾಗಲೆಲ್ಲ ಅವಳು ಹೀಗೇ ನೋಡುತ್ತಿದ್ದಳು, ಒಂದು ಸಲವೂ ಎಲ್ಲಿ ಹೋಗಿದ್ದಿರಿ ಎಂದು ಕೇಳದೆ.

"ಕೊಡೋ ಮಾರಾಯ, ನಿನ್ನ ಗಂಟೇನು ಹೋಗುತ್ತೆ!" ಎಂದಳು ಅಮ್ಮ.

"ಇಲ್ಲ," ಎಂದ ಅವನು. ಸ್ವರ ಎಷ್ಟು ಸಣ್ಣದಿತ್ತೆಂದರೆ ತನಗೇ ಕೇಳಿಸಿತೋ ಇಲ್ಲವೋ. ಮತ್ತೆ ಹೇಳಿದ: "ಕತ್ತರಿ ಕೊಡಲ್ಲ."

ದೊರೆಗೆ ಅರ್ಥವಾಗಲಿಲ್ಲ. ಹೊಸ ಭಾಷೆ ಕೇಳಿದವನ ಹಾಗೆ ಅಪ್ಪನನ್ನು ನೋಡಿದ, ಅಮ್ಮನನ್ನು ನೋಡಿದ, ಅಜ್ಜಿಯ ಕಡೆ ತಿರುಗಿದ. ಯಾರೂ ಓಡಿ ಬರಲಿಲ್ಲ, ಅಜ್ಜಿಯನ್ನು ಹೆಂಡತಿ ಕಣ್ಣಲ್ಲೇ ಕೂರಿಸಿದ್ದಳು. ಬಾಯಿ ನಿಧಾನವಾಗಿ ತೆರೆಯಿತು. ಸದ್ದು ಬರಲಿಲ್ಲ. ಉಸಿರು ಒಳಗೆ ಹೋಗುತ್ತಲೇ ಇತ್ತು, ಮುಖ ಹಿಂಡಿಕೊಳ್ಳುತ್ತಲೇ ಇತ್ತು; ಆ ಸದ್ದಿಲ್ಲದ ಗಳಿಗೆಯಲ್ಲಿ ಅಪ್ಪನಿಗೆ ಅಂಗಡಿ, ಬೀದಿ, ಬೆಳಕು ಎಲ್ಲ ನಿಂತುಹೋಯಿತು. ಹೀಗೇ, ಹೀಗೇ ಶುರುವಾಗುತ್ತಿತ್ತು. ಕತ್ತರಿ ಒಮ್ಮೆ ತಾನಾಗಿ ಕಚ್ ಎಂದು ಕಿವಿಯ ಮೇಲಿನ ಒಂದು ಹಿಡಿ ಕೂದಲನ್ನು ತಿಂದು ಕೈಯಿಂದ ಜಾರಿತು. ಅವನ ಎರಡೂ ಕೈ ಬಟ್ಟೆಯೊಳಗೆ ನುಗ್ಗಿ ಮಗನ ಮಂಡಿಗಳನ್ನು ಹುಡುಕಿ, ಮಡಚಿ, ಎದೆಗೆ ಒತ್ತಿ ಹಿಡಿದವು. ಹೆಂಡತಿ ಬಗ್ಗಿ ಅವನ ಮಣಿಕಟ್ಟು ಹಿಡಿದಳು. "ತುಟಿ ನೋಡ್ರೀ," ಎಂದಳು. "ಮಂಡಿ ಬಿಡಿ. ತುಟಿ ನೋಡಿ."

ಆಗ ಸದ್ದು ಬಂತು. ಅಂಥ ಅಳುವನ್ನು ಆ ಅಂಗಡಿ ಎಂದೂ ಕೇಳಿರಲಿಲ್ಲ. ಎರಡು ವರ್ಷದಿಂದ ಕೂಡಿಟ್ಟದ್ದೆಲ್ಲ ಒಂದೇ ಸಲ ಹೊರಬಂದ ಹಾಗೆ, ಕಪಾಟಿನ ಗಾಜಿನ ಬಾಟಲಿಗಳು ಗಿಣಿಗಿಣಿ ಅಂದವು, ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ಒಳಗೆ ನೋಡಿದರು. ಮುಖ ಕೆಂಪಾಯಿತು. ಕಿವಿ ಕೆಂಪಾಯಿತು. ತೆರೆದ ಬಾಯಿಯ ಸುತ್ತ ತುಟಿ ಕೆಂಪಗೆ ನಡುಗುತ್ತಿತ್ತು. ಉಸಿರು ಮುಗಿಯಿತು, ಮತ್ತೆ ಎಳೆದುಕೊಂಡ, ಮತ್ತೆ ಅತ್ತ, ಇನ್ನೂ ಜೋರಾಗಿ. ಕೆಂಪು. ಅಪ್ಪ ಉಗುರು ನೋಡಿದ, ಕೆಂಪು. ಅವನು ಮಂಡಿ ಬಿಟ್ಟ. ಗೋಡೆಯ ಹತ್ತಿರ ಹೋಗಿ ಗುಣುಗುಟ್ಟುತ್ತಿದ್ದ ರೇಡಿಯೋ ಆರಿಸಿದ, ಅದು ಅಡ್ಡ ಬರುತ್ತಿತ್ತು. ಹೆಂಡತಿ ಅಳುತ್ತಾ ನಗುತ್ತಿದ್ದಳು. ಕಿವಿ ಮುಚ್ಚಿಕೊಂಡಿದ್ದ ಅಮ್ಮ ಒಂದು ಕೈ ತೆಗೆದಳು, ಆಮೇಲೆ ಇನ್ನೊಂದು ತೆಗೆದಳು. "ಅಯ್ಯಯ್ಯೋ, ಏನು ಗಂಟಲೇ ಇದು! ಥೇಟ್ ಅವನ ತಾತಂದು!" ಎಂದು ಮೇಷ್ಟ್ರ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದಳು.

"ಮಗು ಆ ಪಾಟಿ ಅಳ್ತಿದ್ರೆ ಮನೆಮಂದಿಯೆಲ್ಲಾ ನಿಂತು ನಗ್ತೀರಲ್ರೀ!" ಎಂದರು ಮೇಷ್ಟ್ರು. ಅವರಿಗೆ ತೋಳಿನ ವಿಷಯ ಗೊತ್ತಿತ್ತು, ಎದೆಯ ವಿಷಯ ಗೊತ್ತಿತ್ತು, ಈ ಅಳುವಿನ ವಿಷಯ ಗೊತ್ತಿರಲಿಲ್ಲ.

"ಸಾರ್," ಎಂದ ಅವನು. ಹೇಳಬೇಕೆಂದುಕೊಂಡದ್ದು ಬಹಳವಿತ್ತು. "ಚೆನ್ನಾಗಿ ಅಳ್ತಾನೆ, ಅಲ್ವಾ ಸಾರ್?" ಎಂದಷ್ಟೇ ಬಂತು. ಅವನಿಗೆ ತಡೆಯಲಾರದಷ್ಟು ಸಂತೋಷವಾಗುತ್ತಿತ್ತು. ಬಾಗಿಲಿಗೆ ಹೋಗಿ ಬೀದಿಯ ಜನರನ್ನೆಲ್ಲ ಒಳಗೆ ಕರೆಯೋಣ ಅನಿಸಿತು. ಮಗನನ್ನು ನೋಡಿದ: ಎಡಗಡೆ ಮೋಟು, ಬಲಗಡೆ ಹೆಗಲುದ್ದದ ಗುಂಗುರು, ಕಿವಿಯ ಮೇಲೆ ಇಲಿ ಕಡಿದ ಹಾಗೆ ಒಂದು ಬೋಳು ತೇಪೆ, ಮೂಗಿನಿಂದ ಸುರಿಯುವ ಸಿಂಬಳಕ್ಕೆ ಅಂಟಿದ ಕೂದಲು. ಇಷ್ಟು ವರ್ಷದ ಕಸುಬಿನಲ್ಲಿ ಇಷ್ಟು ಕೆಟ್ಟ ಕಟಿಂಗ್ ಅವನ ಕೈಯಿಂದ ಆಗಿರಲಿಲ್ಲ. ಮುದ್ದು ಉಕ್ಕಿ ಬಂದು, ಬಗ್ಗಿ ಮಗನ ಮುಖಕ್ಕೆ ಮುಖ ಹತ್ತಿರ ತಂದ.

ದೊರೆ ಅಳು ನಿಲ್ಲಿಸಿದ. ಎದುರಿಗೆ ನಗುತ್ತಿದ್ದ ಅಪ್ಪನ ಮುಖವನ್ನು ಒಂದು ಕ್ಷಣ ನೋಡಿ, ಮರಿಯನ್ನು ಹಿಂದಕ್ಕೆಳೆದು ರಪ್ಪನೆ ಕೆನ್ನೆಗೆ ಬಾರಿಸಿದ. ಎಳೆಯ ಮೂಳೆಯ ಏಟು, ಮೂಗಿನ ಪಕ್ಕಕ್ಕೇ ಬಿದ್ದು ಕಣ್ಣಲ್ಲಿ ನೀರು ಬಂತು.

"ಏಯ್!" ಎಂದು ಅವನು ಗದರಿದ. "ಅಪ್ಪನಿಗೆ ಹೊಡೀತಾರೇನೋ? ತಪ್ಪು!"

ಆ ಗಡಸು ದನಿ ಎಲ್ಲಿಂದ ಬಂತೆಂದು ಅವನಿಗೂ ತಿಳಿಯಲಿಲ್ಲ. ಅಮ್ಮ ಬಾಯಿ ತೆರೆದವಳು ಹಾಗೇ ಇದ್ದಳು. ಬೀದಿಯಲ್ಲಿ, ಬಸ್ಸಿನಲ್ಲಿ, ಈ ಕುರ್ಚಿಯ ಪಕ್ಕದಲ್ಲೇ ನಿಂತು ಎಷ್ಟೋ ಅಪ್ಪಂದಿರು ಮಕ್ಕಳನ್ನು ಹೀಗೆ ಗದರುವುದನ್ನು ಕೇಳಿದ್ದ. ಅವರು ಯಾವ ಚಿಂತೆಯೂ ಇಲ್ಲದೆ ಗದರಿ, ಮರುಕ್ಷಣ ಮರೆತುಬಿಡುತ್ತಿದ್ದರು. ದೊರೆಯ ತುಟಿ ಮತ್ತೆ ಸೊಟ್ಟಗಾಯಿತು. ಅಪ್ಪ ಅಲ್ಲೇ ನಿಂತಿದ್ದ. ಬಾಯಿ ತೆರೆಯಿತು, ಉಸಿರು ಒಳಗೆ ಹೋಯಿತು, ಎರಡನೆಯ ಅಳು ಮೊದಲನೆಯದಕ್ಕಿಂತ ಜೋರಾಗಿ ಶುರುವಾಯಿತು. ಅವನು ನೆಲದಿಂದ ಕತ್ತರಿ, ಬಾಚಣಿಗೆ ಎತ್ತಿಕೊಂಡು ಒರೆಸಿದ. ಮಗನ ತಲೆಯನ್ನು ಅಂಗೈಯಲ್ಲಿ ಹಿಡಿದು ನೆಟ್ಟಗೆ ಮಾಡಿ, ಕಣ್ಣೀರಿನಲ್ಲಿ ಬಾಚಣಿಗೆಯ ಗೆರೆ ಸರಿಯಾಗಿ ಕಾಣದಿದ್ದರೂ ಬಲಗಡೆಯ ಕೂದಲಿಗೆ ಕೈ ಹಾಕಿದ.

"ಅಲ್ಲಾಡ್ಬೇಡ ಅಂದ್ನಲ್ಲ," ಎಂದ.